ಅಗಸಿಯ ಬಾಗಿಲು

ಮಕ್ಕಳೇ, ನಿಮ್ಮ ಊರಿಗೆ ಅಗಸಿ ಇದೆಯೇ? ಅಗಸಿ ಎಂದರೆ ಊರಿನ ಹೆಬ್ಬಾಗಿಲು. ಹಿಂದಿನ ಕಾಲದಲ್ಲಿ ನಮ್ಮ ಕಡೆಯ ಅನೇಕ ಹಳ್ಳಿಗಳ ಸುತ್ತ ಗೋಡೆ ಇರುತ್ತಿತ್ತು. ಒಳಗೆ ಬರಲು, ಹೊರಗೆ ಹೋಗಲು ಅಗಸಿ ಇರುತ್ತಿತ್ತು. ಕತ್ತಲಾದ ಕೂಡಲೇ ಅದರ ಬಾಗಿಲು ಮುಚ್ಚುತ್ತಿದ್ದರು. ಬೆಳಗಾದ ಮೇಲೆ ತೆರೆಯುತ್ತಿದ್ದರು.

ನನ್ನದು ಕೊಡಂಗಲ್ಲಿನ ಹತ್ತಿರದ ಒಂದು ಸಣ್ಣ ಹಳ್ಳಿ. ನಾನು ಹುಡುಗನಾಗಿದ್ದಾಗ ನಮ್ಮೂರಿನ ಅಗಸಿ ಅರ್ಧ ಬಿದ್ದಿತ್ತು. ಕಲ್ಲಿನ ಕಮಾನು ಉಳಿದಿತ್ತು. ಕಾವಲುಗಾರರು ಕುಳಿತುಕೊಳ್ಳುತ್ತಿದ್ದ ಕಟ್ಟೆ ಉಳಿದಿತ್ತು. ಬಾಗಿಲು ಮಾತ್ರ ಇರಲಿಲ್ಲ. ಅದು ತಿರುಗುತ್ತಿದ್ದ ಕಲ್ಲಿನ ಕುಳಿ ಇತ್ತು. ಅಗಸಿಯ ಪಕ್ಕದಲ್ಲಿ ಒಂದು ಖಾಲಿ ಜಾಗ. ಅಲ್ಲಿ ನಾವು ಗೋಲಿ ಆಡುತ್ತಿದ್ದೆವು. ಆ ಖಾಲಿ ಜಾಗವನ್ನು ನೆನಪಿಟ್ಟುಕೊಳ್ಳಿ. ಅದರ ವಿಷಯ ಕೊನೆಗೆ ಹೇಳುತ್ತೇನೆ.

ರಾತ್ರಿ ಮಲಗುವ ಮುಂಚೆ ನಮ್ಮ ಆಯಿ ಮನೆಯ ಬಾಗಿಲಿಗೆ ಅಗುಳಿ ಹಾಕುತ್ತಿದ್ದಳು. ಅಗುಳಿ ಎಂದರೆ ಬಾಗಿಲ ಹಿಂದೆ ಅಡ್ಡ ಹಾಕುವ ದಪ್ಪ ಕಟ್ಟಿಗೆ. ಅದು ಬಿದ್ದ ಸದ್ದು ಕೇಳಿದರೆ ನನಗೆ ಧೈರ್ಯ ಬರುತ್ತಿತ್ತು. ಒಂದು ರಾತ್ರಿ ನಾನು ಮುತ್ಯಾನನ್ನು ಕೇಳಿದೆ.

“ಮುತ್ಯಾ, ನಮ್ಮ ಮನೆಗೆ ಅಗುಳಿ ಅದ. ಊರ ಅಗಸಿಗೆ ಬಾಗಿಲೇ ಇಲ್ಲ. ಕೆಟ್ಟವರು ಬಂದರೆ ಏನು ಮಾಡೋದು?”

ಮುತ್ಯಾ ನಕ್ಕ. “ನಮ್ಮದು ಸಣ್ಣ ಊರು. ಹೈದರಾಬಾದ್ ಶಹರಕ್ಕೆ ಎಷ್ಟು ಬಾಗಿಲು ಇದ್ದವು ಗೊತ್ತೇನು? ಒಂದು ಸಲ ಕರಕೊಂಡು ಹೋಗ್ತೀನಿ. ನೀನೇ ನೋಡಿ ಹೇಳು, ಬಾಗಿಲು ಇದ್ದರೆ ಸಾಕೋ ಹೇಗೆ ಅಂತ” ಎಂದ.

1976ರಲ್ಲಿ, ನಾನು ಐದನೆಯ ತರಗತಿಯಲ್ಲಿದ್ದಾಗ, ಆ ಸಮಯ ಬಂದಿತು. ಮುತ್ಯಾನಿಗೆ ಕಣ್ಣು ತೋರಿಸಬೇಕಿತ್ತು. ಜೊತೆಗೆ ನಾನು ಹೊರಟೆ. ಆಯಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಕೊಡಂಗಲ್ಲಿನಿಂದ ತಾಂಡೂರಿಗೆ ಬಸ್ಸಿನಲ್ಲಿ ಹೋದೆವು. ದಾರಿಯಲ್ಲಿ ತೊಗರಿ ಹೊಲಗಳು, ತಾಂಡೂರು ಹತ್ತಿರ ಬಂದಂತೆ ಹಾಸುಗಲ್ಲಿನ ರಾಶಿಗಳು. ತಾಂಡೂರಿನಲ್ಲಿ ರೈಲು ಹತ್ತಿದೆವು. ಆ ರೈಲುದಾರಿ ನಿಜಾಮರ ಕಾಲದ್ದು. ವಾಡಿಯಿಂದ ಸಿಕಂದರಾಬಾದಿನವರೆಗೆ 1874ರಲ್ಲಿಯೇ ರೈಲು ಓಡಿತ್ತು.

ವಿಕಾರಾಬಾದ್ ನಿಲ್ದಾಣದಲ್ಲಿ ರೈಲು ನಿಂತಾಗ ಮುತ್ಯಾ ಕೈ ಮಾಡಿ ತೋರಿಸಿದ. “ಆ ಕಡೆ ಅನಂತಗಿರಿ ಗುಡ್ಡ ಅದ. ಮೂಸಿ ನದಿ ಹುಟ್ಟುವುದು ಅಲ್ಲಿಯೇ. ಅದೂ ನಮ್ಮ ಜೊತೆ ಹೈದರಾಬಾದಿಗೆ ಬರ್ತದ.”

ನಾವು ಕಾಚಿಗುಡದಲ್ಲಿದ್ದ ನೆಂಟರ ಮನೆಯಲ್ಲಿ ಇಳಿದುಕೊಂಡೆವು. ಮರುದಿನ ಮುತ್ಯಾನ ಕಣ್ಣಿನ ಕೆಲಸ ಮುಗಿಯಿತು. ಆಮೇಲೆ ಎರಡು ದಿನ ನಾವು ಬಾಗಿಲುಗಳನ್ನು ನೋಡುತ್ತ ತಿರುಗಿದೆವು.

ಮೊದಲು ನೋಡಿದ್ದು ಗೋಲ್ಕೊಂಡ ಕೋಟೆ. ನೀವು ಶಾಲೆಯ ಪ್ರವಾಸದಲ್ಲಿ ಅಲ್ಲಿಗೆ ಹೋಗಿರಬಹುದು. ಅದರ ಹೊರಗೋಡೆ ಸುಮಾರು ಹತ್ತು ಕಿಲೋಮೀಟರ್ ಉದ್ದ. ಎಂಟು ದೊಡ್ಡ ಬಾಗಿಲುಗಳು. ಆನೆಗಳು ಹಣೆಯಿಂದ ಗುದ್ದಿ ಮುರಿಯಬಾರದೆಂದು ಬಾಗಿಲಿಗೆ ಕಬ್ಬಿಣದ ಚೂಪು ಮೊಳೆಗಳನ್ನು ಬಡಿದಿದ್ದಾರೆ. ಬಾಗಿಲ ಬಳಿ ನಿಂತು ಚಪ್ಪಾಳೆ ತಟ್ಟಿದರೆ ಗುಡ್ಡದ ತುದಿಯಲ್ಲಿರುವ ಬಾಲಾ ಹಿಸ್ಸಾರ್‌ನಲ್ಲಿ ಕೇಳಿಸುತ್ತದೆ. ನಾನು ಕೆಳಗೆ ಚಪ್ಪಾಳೆ ತಟ್ಟಿದೆ. ಮೇಲೆ ಹತ್ತಿದ್ದ ಯಾರೋ ಹುಡುಗರು ತಿರುಗಿ ಚಪ್ಪಾಳೆ ತಟ್ಟಿದರು. ನನಗೆ ಬಹಳ ಸಂತೋಷವಾಯಿತು.

“ಇಂಥ ಕೋಟೆಯನ್ನು ಯಾರೂ ಗೆದ್ದಿರಲಿಕ್ಕಿಲ್ಲ, ಅಲ್ಲವಾ ಮುತ್ಯಾ?” ಎಂದೆ.

“ಗೆದ್ದರಲ್ಲ” ಎಂದು ಮುತ್ಯಾ ಹೇಳಿದ. 1687ರಲ್ಲಿ ಮೊಗಲ ಬಾದಶಹ ಔರಂಗಜೇಬ ದೊಡ್ಡ ಸೈನ್ಯದೊಂದಿಗೆ ಬಂದು ಈ ಕೋಟೆಗೆ ಮುತ್ತಿಗೆ ಹಾಕಿದ. ಫಿರಂಗಿಗಳಿಂದ ಹೊಡೆದ. ಸುರಂಗ ತೋಡಿಸಿ ಮದ್ದು ತುಂಬಿಸಿದ. ಸುಮಾರು ಎಂಟು ತಿಂಗಳಾದರೂ ಕೋಟೆ ಬೀಳಲಿಲ್ಲ. ಕೊನೆಗೆ ಒಳಗಿದ್ದ ಸರದಾರನೊಬ್ಬ ಹಣದ ಆಸೆಗೆ ರಾತ್ರಿ ಹೊತ್ತು ಒಂದು ಬಾಗಿಲು ತೆರೆದುಬಿಟ್ಟ. ಅಬ್ದುರ್ ರಜಾಕ್ ಲಾರಿ ಎಂಬ ಇನ್ನೊಬ್ಬ ಸರದಾರ ಮಾತ್ರ ಮೈತುಂಬ ಗಾಯವಾಗುವವರೆಗೆ ಕಾದಾಡಿದ. ಆದರೂ ಕೋಟೆ ಹೋಯಿತು.

ನಾನು ಆ ದೊಡ್ಡ ಬಾಗಿಲನ್ನು ಮತ್ತೊಮ್ಮೆ ಮುಟ್ಟಿ ನೋಡಿದೆ. ಹೊರಗಿನಿಂದ ಆನೆ ಗುದ್ದಿದರೂ ಮುರಿಯದ ಬಾಗಿಲು, ಒಳಗಿನಿಂದ ಒಬ್ಬನ ಕೈಯಿಂದ ತೆರೆಯಿತು.

ಅಲ್ಲಿಂದ ನಾವು ಪುರಾನಾ ಪೂಲಿಗೆ ಬಂದೆವು. ಪೂಲ್ ಎಂದರೆ ಸೇತುವೆ. ಅದನ್ನು 1578ರಲ್ಲಿ ಮೂಸಿ ನದಿಯ ಮೇಲೆ ಕಟ್ಟಿದರು. ಆಗ ಹೈದರಾಬಾದ್ ಶಹರವೇ ಇರಲಿಲ್ಲ. 1591ರಲ್ಲಿ ಚಾರ್ಮಿನಾರ್ ಎದ್ದು, ಶಹರ ಬೆಳೆಯಿತು. ಬಹಳ ಕಾಲ ಈ ಶಹರಕ್ಕೆ ಗೋಡೆ ಇರಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಸುತ್ತ ಗೋಡೆ ಕಟ್ಟಿದರು. ಅದಕ್ಕೆ ಹತ್ತಕ್ಕೂ ಹೆಚ್ಚು ದರವಾಜಗಳಿದ್ದವು. ನಡುನಡುವೆ ಕಿಟಕಿ ಎಂದು ಕರೆಯುವ ಸಣ್ಣ ಬಾಗಿಲುಗಳೂ ಇದ್ದವು. ಈಗ ಗೋಡೆ ಹೋಗಿದೆ. ಪುರಾನಾ ಪೂಲ್ ದರವಾಜ, ದಬೀರಪುರ ದರವಾಜ ಇವೆರಡೇ ಉಳಿದಿವೆ.

“ಈ ಬಾಗಿಲುಗಳನ್ನೆಲ್ಲ ಮುಚ್ಚಿದರೆ ಶಹರಕ್ಕೆ ಭಯವಿಲ್ಲ” ಎಂದೆ ನಾನು.

“ಶತ್ರು ಹೊರಗೆ ಇದ್ದರೆ ಸರಿ. ಅವನು ದಂಡು ಕಟ್ಟಿಕೊಂಡು, ಬಾವುಟ ಹಿಡಿದು, ನಗಾರಿ ಬಡಿದು ಬಂದರೆ ಬಾಗಿಲು ಮುಚ್ಚಬಹುದು. ಅವನು ಒಳಗಿನವನೇ ಆಗಿದ್ದರೆ? ಇವತ್ತು ಇಲ್ಲಿದ್ದು ನಾಳೆ ಮತ್ತೊಂದು ಕಡೆ ಇದ್ದರೆ?” ಎಂದು ಮುತ್ಯಾ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಅವನು ನನ್ನನ್ನು ಕೋಟಿಗೆ ಕರೆದುಕೊಂಡು ಹೋದ.

ಕೋಟಿ ಎಂಬುದು ಹೈದರಾಬಾದಿನ ಒಂದು ಬಡಾವಣೆ. ಅಲ್ಲಿ ಎತ್ತರದ ಕಂಬಗಳುಳ್ಳ, ಮೆಟ್ಟಿಲ ಪಕ್ಕದಲ್ಲಿ ಕಲ್ಲಿನ ಸಿಂಹಗಳಿರುವ ದೊಡ್ಡ ಕಟ್ಟಡವಿದೆ. ಅದು ಬ್ರಿಟಿಷ್ ರೆಸಿಡೆನ್ಸಿ. ರೆಸಿಡೆಂಟ್ ಎಂದರೆ ಬ್ರಿಟಿಷ್ ಸರ್ಕಾರದ ಪರವಾಗಿ ನಿಜಾಮರ ರಾಜ್ಯದಲ್ಲಿ ಇದ್ದ ದೊಡ್ಡ ಅಧಿಕಾರಿ. ನಿಜಾಮರ ಹೆಸರಿನಲ್ಲಿ ರಾಜ್ಯ ನಡೆಯುತ್ತಿದ್ದರೂ ರೆಸಿಡೆಂಟನ ಮಾತಿಗೆ ಬಹಳ ಬೆಲೆ ಇತ್ತು. ಜನರಲ್ಲಿ ಅನೇಕರಿಗೆ ಇದು ಸರಿಬೀಳುತ್ತಿರಲಿಲ್ಲ.

1857ರಲ್ಲಿ ಉತ್ತರ ಭಾರತದಲ್ಲಿ ಸಿಪಾಯಿಗಳು ಬ್ರಿಟಿಷರ ವಿರುದ್ಧ ಎದ್ದರು. ಆ ಸುದ್ದಿ ಹೈದರಾಬಾದಿಗೂ ಬಂತು. ಜುಲೈ 17, ಶುಕ್ರವಾರ. ತುರ್ರೆಬಾಜ್ ಖಾನ್ ಮತ್ತು ಮೌಲ್ವಿ ಅಲ್ಲಾವುದ್ದೀನ್ ಎಂಬ ಇಬ್ಬರು ಮುಂದಾಳುಗಳ ಜೊತೆ ನೂರಾರು ಜನ ಶಹರದಿಂದ ಹೊರಟು ರೆಸಿಡೆನ್ಸಿಯ ಮೇಲೆ ಬಿದ್ದರು. ಹತ್ತಿರದ ಮನೆಗಳನ್ನು ಸೇರಿಕೊಂಡು ಅಲ್ಲಿಂದ ಗುಂಡು ಹಾರಿಸಿದರು. ಆದರೆ ನಿಜಾಮರ ದಿವಾನ ಸಾಲಾರ್ ಜಂಗ್ ಮೊದಲೇ ಸುದ್ದಿ ಮುಟ್ಟಿಸಿದ್ದ. ರೆಸಿಡೆನ್ಸಿಯಲ್ಲಿ ಫಿರಂಗಿಗಳು ಸಿದ್ಧವಾಗಿದ್ದವು. ರಾತ್ರಿಯೆಲ್ಲ ಕಾದಾಟ ನಡೆಯಿತು. ಬೆಳಗಾಗುವ ಹೊತ್ತಿಗೆ ಬಂದವರು ಚದುರಿಹೋದರು.

ಚದುರಿ ಎಲ್ಲಿಗೆ ಹೋದರು? ಅದೇ ಶಹರಕ್ಕೆ. ಅದೇ ಗಲ್ಲಿಗಳಿಗೆ. ಬೆಳಿಗ್ಗೆ ಅಂಗಡಿ ತೆರೆದವನು ರಾತ್ರಿ ಬಂದೂಕು ಹಿಡಿದಿದ್ದನೋ ಇಲ್ಲವೋ, ನೋಡಿದವರಿಗೆ ಹೇಗೆ ತಿಳಿಯಬೇಕು? ತುರ್ರೆಬಾಜ್ ಖಾನ್ ತಪ್ಪಿಸಿಕೊಂಡು ಹೋದ. ಆಮೇಲೆ ಸಿಕ್ಕಿದ. 1859ರ ಜನವರಿಯಲ್ಲಿ ಸೆರೆಮನೆಯಿಂದಲೂ ತಪ್ಪಿಸಿಕೊಂಡ. ಕೊನೆಗೆ ತೂಪ್ರಾನ್ ಹತ್ತಿರ ಅವನನ್ನು ಕೊಂದರು. ಮೌಲ್ವಿಯನ್ನು ಅಂಡಮಾನ್ ದ್ವೀಪಕ್ಕೆ ಕಳಿಸಿದರು. ಅವನು ಅಲ್ಲಿಯೇ ತೀರಿಕೊಂಡ. ಈಗ ಕೋಟಿಯಲ್ಲಿ ತುರ್ರೆಬಾಜ್ ಖಾನ್ ಹೆಸರಿನ ರಸ್ತೆ ಇದೆ.

ಇದೇ ಶಹರಕ್ಕೆ ಮರುವರ್ಷ ನಮ್ಮ ಕನ್ನಡ ನಾಡಿನ ಒಬ್ಬ ರಾಜನೂ ಬಂದ. ಅವನು ಸುರಪುರದ ರಾಜಾ ವೆಂಕಟಪ್ಪ ನಾಯಕ. 1858ರ ಫೆಬ್ರುವರಿಯಲ್ಲಿ ಅವನ ಜನರಿಗೂ ಬ್ರಿಟಿಷರಿಗೂ ಸುರಪುರದಲ್ಲಿ ಕಾಳಗ ನಡೆಯಿತು. ದೊಡ್ಡ ಸೈನ್ಯ ಬರುತ್ತಿದೆ ಎಂದು ತಿಳಿದು ರಾಜ ರಾತ್ರಿ ಹೊತ್ತು ಕುದುರೆ ಏರಿ ಹೈದರಾಬಾದಿಗೆ ಬಂದ. ದೊಡ್ಡ ಶಹರದ ಜನರ ನಡುವೆ ಒಬ್ಬ ತರುಣ ಮರೆಯಾಗುವುದು ಸುಲಭ ಎಂದುಕೊಂಡಿದ್ದನೋ ಏನೋ. ಆದರೆ ಪೇಟೆಯಲ್ಲಿ ಸಿಕ್ಕಿಬಿದ್ದ. ಅವನನ್ನು ಚಿಕ್ಕಂದಿನಿಂದ ಬಲ್ಲ ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿ ಸೆರೆಯಲ್ಲಿ ಅವನನ್ನು ನೋಡಲು ಹೋದ. ರಾಜ ಅವನನ್ನು “ಅಪ್ಪಾ” ಎಂದು ಕರೆಯುತ್ತಿದ್ದ. ಅದೇ ವರ್ಷ, ಬೇರೆ ಊರಿನ ಸೆರೆಗೆ ಒಯ್ಯುವ ದಾರಿಯಲ್ಲಿ, ಗುಂಡು ತಗುಲಿ ರಾಜ ತೀರಿಕೊಂಡ.

“ಈಗ ಹೇಳು” ಎಂದ ಮುತ್ಯಾ. “ಇವರನ್ನು ತಡೆಯಬೇಕಾದರೆ ಯಾವ ದರವಾಜ ಮುಚ್ಚಬೇಕಿತ್ತು?”

ನಾನು ಸುಮ್ಮನೆ ಆ ಕಂಬಗಳನ್ನು ನೋಡುತ್ತ ನಿಂತೆ.

ಆ ರಾತ್ರಿ ಕಾಚಿಗುಡಕ್ಕೆ ನಡೆದು ಬರುವಾಗ ಮುತ್ಯಾ ಒಂದು ಕಡೆ ನಿಂತ. “ಇಲ್ಲೆಲ್ಲೋ ಹತ್ತಿರದಲ್ಲಿಯೇ ಶೋಯಬುಲ್ಲಾ ಖಾನನನ್ನು ಹೊಡೆದರು” ಎಂದ. ಆಗ ಅವನು 1948ರ ಕಥೆ ತೆಗೆದ. ಅದು ಪುಸ್ತಕದಲ್ಲಿ ಓದಿದ ಕಥೆಯಲ್ಲ. ಮುತ್ಯಾ ಕಣ್ಣಾರೆ ಕಂಡದ್ದು.

ಮಕ್ಕಳೇ, ಭಾರತಕ್ಕೆ 1947ರ ಆಗಸ್ಟ್ 15ರಂದು ಸ್ವಾತಂತ್ರ್ಯ ಬಂತು. ನಮ್ಮ ಕೊಡಂಗಲ್, ತಾಂಡೂರು, ಜಹೀರಾಬಾದ್, ನಾರಾಯಣಖೇಡಗಳಿಗೆ ಬರಲಿಲ್ಲ. ಇವೆಲ್ಲ ಹೈದರಾಬಾದ್ ರಾಜ್ಯದಲ್ಲಿದ್ದವು. ಆಗ ಕೊಡಂಗಲ್ ಮತ್ತು ತಾಂಡೂರು ಗುಲ್ಬರ್ಗ ಜಿಲ್ಲೆಯಲ್ಲಿಯೂ, ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿಯೂ ಸೇರಿದ್ದವು. ನಾವು ಈ ಕಡೆ ಇದ್ದೂ ಕನ್ನಡ ಓದುವುದಕ್ಕೆ ಇದೂ ಒಂದು ಕಾರಣ. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತಕ್ಕೆ ಸೇರಲು ಒಪ್ಪಲಿಲ್ಲ. ಭಾರತಕ್ಕೆ ಸೇರಬೇಕು ಎಂದು ಸ್ವಾಮಿ ರಾಮಾನಂದ ತೀರ್ಥರ ಮುಂದಾಳುತನದಲ್ಲಿ ಚಳವಳಿ ನಡೆಯಿತು. ಅದನ್ನು ಅಡಗಿಸಲು ಪೊಲೀಸರ ಜೊತೆಗೆ ರಜಾಕಾರರು ಎಂಬ ಪಡೆಯೂ ಇಳಿಯಿತು. ಕಾಸಿಂ ರಜ್ವಿ ಅದರ ನಾಯಕ. ಹಳ್ಳಿಗಳಲ್ಲಿ ಲೂಟಿ, ಬೆಂಕಿ, ಹೊಡೆತ ನಡೆದವು.

ಚಳವಳಿಯ ತರುಣರು ಗಡಿ ದಾಟಿ ಹೋದರು. ಆಚೆ ಕಡೆ ಭಾರತದ ನೆಲ. ಅಲ್ಲಿ ಶಿಬಿರಗಳನ್ನು ಮಾಡಿಕೊಂಡರು. ಮುಂಡರಗಿಯ ಶಿಬಿರವನ್ನು ಅಳವಂಡಿ ಶಿವಮೂರ್ತಿಸ್ವಾಮಿಗಳು ನಡೆಸಿದರು. ಗುಲ್ಬರ್ಗದ ಕಡೆ ಸರದಾರ್ ಶರಣಗೌಡ ಇನಾಮದಾರರ ಹೆಸರು ದೊಡ್ಡದಾಯಿತು. ಶಿಬಿರದವರು ರಾತ್ರಿ ಹೊತ್ತು ಗಡಿಯ ಒಳಗೆ ಬರುತ್ತಿದ್ದರು. ಸುಂಕ ವಸೂಲಿ ಮಾಡುವ ಕರೋಡಗಿರಿ ನಾಕಾಗಳ ಮೇಲೆ, ಪೊಲೀಸ್ ಠಾಣೆಗಳ ಮೇಲೆ ಬೀಳುತ್ತಿದ್ದರು. ಬೆಳಗಾಗುವುದರೊಳಗೆ ಗಡಿ ದಾಟಿ ಮರೆಯಾಗುತ್ತಿದ್ದರು. ಇವತ್ತು ಒಂದು ನಾಕಾ, ನಾಳೆ ಇಪ್ಪತ್ತು ಮೈಲಿ ದೂರದ ಮತ್ತೊಂದು ನಾಕಾ. ಪೂರ್ವದ ನಲ್ಗೊಂಡ, ವರಂಗಲ್ ಕಡೆ ರೈತರೂ ಕಮ್ಯೂನಿಸ್ಟರೂ ಜಮೀನುದಾರರ ವಿರುದ್ಧ ಎದ್ದಿದ್ದರು. ಪಾಲಕುರ್ತಿಯ ಚಾಕಲಿ ಐಲಮ್ಮ ತನ್ನ ಬೆಳೆಯನ್ನು ದೇಶಮುಖನಿಗೆ ಬಿಡಲಾರೆ ಎಂದು ನಿಂತಿದ್ದಳು. ಹೀಗೆ ರಾಜ್ಯದ ನಾಲ್ಕೂ ಕಡೆ ಬಿಸಿ ಏರಿತ್ತು. ನಡುವೆ ಹೈದರಾಬಾದ್ ಶಹರ.

ನೀವು ಜೋಳದ ಹೊಲ ಕಾದಿದ್ದೀರಾ? ಮಂಚಿಗೆಯ ಮೇಲೆ ನಿಂತು ಕವಣೆ ಬೀಸಿದರೆ ಈ ಮೂಲೆಯ ಗುಬ್ಬಿಗಳು ಏಳುತ್ತವೆ. ಎದ್ದು ಆ ಮೂಲೆಯಲ್ಲಿ ಕೂರುತ್ತವೆ. ಅಲ್ಲಿ ಕಲ್ಲು ಬೀಸಿದರೆ ಮತ್ತೆ ಇಲ್ಲಿ. ನಿಜಾಮರ ಸರ್ಕಾರದ ಸ್ಥಿತಿ ಹಾಗಾಯಿತು. ಪೊಲೀಸರು ಒಂದು ಹಳ್ಳಿಗೆ ಬರುವಷ್ಟರಲ್ಲಿ ಅಲ್ಲಿ ಯಾರೂ ಇರುತ್ತಿರಲಿಲ್ಲ. ಸಿಗಬೇಕಾದವರು ಸಿಗದೆ ಹೋದಾಗ ಅವರು ಸಿಕ್ಕವರನ್ನು ಹೊಡೆಯುತ್ತಿದ್ದರು. ಮುದುಕರನ್ನು ಕಟ್ಟುತ್ತಿದ್ದರು. ಕಾಳು ಹೊತ್ತೊಯ್ಯುತ್ತಿದ್ದರು. ನಿನ್ನೆಯವರೆಗೆ ಸುಮ್ಮನಿದ್ದವನು ಆ ಹೊಡೆತ ತಿಂದು ಮರುದಿನ ಶಿಬಿರಕ್ಕೆ ಹೋಗುತ್ತಿದ್ದ. “ಗುಬ್ಬಿ ಓಡಿಸೋಕೆ ಹೋಗಿ ತಾವೇ ಬೆಳೆ ತುಳಿದರು” ಎಂದು ಮುತ್ಯಾ ಹೇಳಿದ.

ಶಹರದೊಳಗೂ ಒಂದೇ ಮನಸ್ಸು ಇರಲಿಲ್ಲ. ಶೋಯಬುಲ್ಲಾ ಖಾನ್ ಇಮ್ರೋಜ್ ಎಂಬ ಉರ್ದು ಪತ್ರಿಕೆಯ ಸಂಪಾದಕ. ಹೈದರಾಬಾದ್ ಭಾರತಕ್ಕೆ ಸೇರಬೇಕು ಎಂದು ಧೈರ್ಯವಾಗಿ ಬರೆದ. 1948ರ ಆಗಸ್ಟ್ ತಿಂಗಳ ಒಂದು ರಾತ್ರಿ ಮನೆಗೆ ಹೋಗುತ್ತಿದ್ದಾಗ ಕಾಚಿಗುಡದ ಹತ್ತಿರ ಅವನನ್ನು ಕೊಂದರು. ಯಾರು ಯಾವ ಧರ್ಮದವರು ಎಂದು ನೋಡಿ ಯಾರು ಯಾವ ಕಡೆ ಎಂದು ಹೇಳಲು ಬರುತ್ತಿರಲಿಲ್ಲ. ಆದರೆ ಬಹಳ ಜನ ಹಾಗೆಯೇ ಲೆಕ್ಕ ಹಾಕಿದರು.

ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಹೈದರಾಬಾದ್ ರಾಜ್ಯದೊಳಗೆ ಬಂತು. ದೊಡ್ಡ ಪಡೆ ಸೋಲಾಪುರದ ಕಡೆಯಿಂದ ನಳದುರ್ಗ, ಹುಮನಾಬಾದ್ ದಾರಿಯಾಗಿ ಬಂದು ಜಹೀರಾಬಾದನ್ನು ದಾಟಿತು. ಜಹೀರಾಬಾದಿನ ಮಕ್ಕಳೇ, ನಿಮ್ಮ ಊರಿನ ಹೆದ್ದಾರಿಯಲ್ಲಿಯೇ ಆ ಸೈನ್ಯ ನಡೆದದ್ದು. ದಾರಿಯಲ್ಲಿ ಹೂತಿಟ್ಟಿದ್ದ ಸಿಡಿಗುಂಡುಗಳನ್ನು ತೆಗೆಯುತ್ತ ಮುಂದುವರಿಯಬೇಕಾಯಿತು. 17ನೆಯ ತಾರೀಖಿಗೆ ನಿಜಾಮರು ಸೋಲೊಪ್ಪಿದರು. ದೊಡ್ಡ ಸೈನ್ಯಕ್ಕೆ ಎದುರಾಗಿ ಆ ರಾಜ್ಯ ಐದು ದಿನ ಮಾತ್ರ ನಿಂತಿತು.

ಇಲ್ಲಿಯವರೆಗೆ ಹೇಳಿ ಮುತ್ಯಾ ನಿಲ್ಲಿಸಿದ. ಉಳಿದದ್ದನ್ನು ಅವನು ಶಹರದಲ್ಲಿ ಹೇಳಲಿಲ್ಲ. ಊರಿಗೆ ಮರಳಿದ ಮೇಲೆ ಒಂದು ಸಂಜೆ ಅಗಸಿಯ ಕಟ್ಟೆಯ ಮೇಲೆ ಕುಳಿತು ಹೇಳಿದ.

ನಮ್ಮ ಮನೆಯ ಎದುರಿಗೆ ಬಳೆ ಮಾರುವ ಒಬ್ಬ ಚಾಚಾ ಇದ್ದರು. ನಮ್ಮ ಆಯಿಯ ಮದುವೆಗೆ ಬಳೆ ತೊಡಿಸಿದವರು ಅವರೇ. 1948ರ ಬೇಸಿಗೆಯಲ್ಲಿ ರಜಾಕಾರರ ಒಂದು ಗುಂಪು ನಮ್ಮ ಹಳ್ಳಿಗೆ ಬಂತು. ಮುತ್ಯಾನ ತಮ್ಮ ಶಿಬಿರಕ್ಕೆ ಹೋಗಿದ್ದಾನೆ ಎಂದು ಯಾರೋ ಹೇಳಿದ್ದರಂತೆ. ಅವರು ನಮ್ಮ ಬಾಗಿಲು ಒಡೆಯಲು ಬಂದಾಗ ಚಾಚಾ ಓಡಿಬಂದು ಹೊಸ್ತಿಲ ಮೇಲೆ ನಿಂತರು. “ಈ ಮನೆಗೆ ನಾನು ಜಾಮೀನು. ಒಳಗೆ ಹೋಗಬೇಕಾದರೆ ಮೊದಲು ನನ್ನನ್ನು ಹೊಡೀರಿ” ಎಂದರು. ಗುಂಪು ಬೈದು, ಅವರನ್ನು ತಳ್ಳಾಡಿ, ಕೊನೆಗೆ ಹೊರಟುಹೋಯಿತು.

ಸೆಪ್ಟೆಂಬರಿನಲ್ಲಿ ಕಾಲ ತಿರುಗಿತು. ನಿಜಾಮರ ಆಳಿಕೆ ಮುಗಿಯಿತು. ರಜಾಕಾರರು ಮಾಡಿದ ಅನ್ಯಾಯಕ್ಕೆ ಸೇಡು ತೀರಿಸುತ್ತೇವೆ ಎಂದು ಬೇರೆ ಗುಂಪುಗಳು ಎದ್ದವು. ತಪ್ಪು ಮಾಡಿದವರಲ್ಲಿ ಅನೇಕರು ಓಡಿಹೋಗಿದ್ದರು. ಏನೂ ಮಾಡದ ಮುಸ್ಲಿಂ ಕುಟುಂಬಗಳು ಊರಿನಲ್ಲಿ ಉಳಿದಿದ್ದವು. ಸೇಡು ಅವರ ಮೇಲೆ ಬಿತ್ತು. ಮುಂದೆ ಭಾರತ ಸರ್ಕಾರ ಪಂಡಿತ ಸುಂದರಲಾಲ್ ಮೊದಲಾದವರನ್ನು ಇದನ್ನು ನೋಡಿಬರಲು ಕಳಿಸಿತು. ಬಹಳ ಕಷ್ಟ ಅನುಭವಿಸಿದ ಜಿಲ್ಲೆಗಳಲ್ಲಿ ನಮ್ಮ ಗುಲ್ಬರ್ಗ, ಬೀದರ್ ಜಿಲ್ಲೆಗಳೂ ಇದ್ದವೆಂದು ಅವರು ಬರೆದರು. ನೆರೆಯವರು ನೆರೆಯವರನ್ನು ಉಳಿಸಿದ ಸಂಗತಿಗಳನ್ನೂ ಬರೆದರು.

ಒಂದು ಸಂಜೆ ಗುಂಪು ನಮ್ಮ ಊರಿನ ಕಡೆ ಬರುತ್ತಿದೆ ಎಂಬ ಸುದ್ದಿ ಬಂತು. ಮುತ್ಯಾ ಚಾಚಾ ಅವರ ಮನೆಯ ಬಾಗಿಲು ಬಡಿದ. ಅವರನ್ನೂ ಹೆಂಡತಿ ಮಕ್ಕಳನ್ನೂ ಕರೆತಂದು ನಮ್ಮ ಕಾಳಿನ ಕೋಣೆಯಲ್ಲಿ ಕೂಡಿಸಿದ. ಆಯಿ ಅಗುಳಿ ಹಾಕಲಿಲ್ಲ. ಬಾಗಿಲು ತೆರೆದಿಟ್ಟು, ದೀಪ ಹಚ್ಚಿ, ಹೊಸ್ತಿಲಲ್ಲಿ ಕುಳಿತು ಜೋಳ ಕೇರತೊಡಗಿದಳು. ಮುಚ್ಚಿದ ಬಾಗಿಲನ್ನು ಕಂಡರೆ ಒಳಗೆ ಏನೋ ಇದೆ ಎಂದು ಅನುಮಾನ ಬರುತ್ತದೆ ಎಂದು ಅವಳ ಯೋಚನೆ. ಗುಂಪು ಬಂತು. “ಬಳೆಗಾರ ಎಲ್ಲಿ?” ಎಂದು ಕೇಳಿತು. ಆಯಿ ಮೊರ ಕೆಳಗಿಡದೆ, “ನನ್ನ ಮನೆಯೊಳಗೆ ನನ್ನವರು ಇದ್ದಾರ. ಮತ್ಯಾರೂ ಇಲ್ಲ” ಎಂದಳು. ಅವರು ಹೋದರು. ಚಾಚಾ ಅವರ ಮನೆಮಂದಿ ನಾಲ್ಕು ದಿನ ನಮ್ಮ ಮನೆಯಲ್ಲಿಯೇ ಇದ್ದರು.

ಇಷ್ಟು ಕೇಳಿ ನನಗೆ ಹೆಮ್ಮೆಯಾಯಿತು. “ಮುತ್ಯಾ, ನೀನು ಊರು ಉಳಿಸಿದಿ” ಎಂದೆ.

ಮುತ್ಯಾ ತಲೆ ಅಲ್ಲಾಡಿಸಿದ. ಅಗಸಿಯ ಪಕ್ಕದ ಖಾಲಿ ಜಾಗ ತೋರಿಸಿದ. “ಅಲ್ಲಿ ಒಂದು ಮನೆ ಇತ್ತು ತಮ್ಮಾ. ಹತ್ತಿ ಹಿಂಜುವವರ ಮನೆ. ಅವರಿಗೂ ನನಗೂ ಹೊಲದ ಬದುವಿನ ಜಗಳ ಇತ್ತು. ಮಾತು ಬಿಟ್ಟು ಎರಡು ವರ್ಷ ಆಗಿತ್ತು. ಆ ಸಂಜೆ ಅವರ ಬಾಗಿಲಿನ ಮುಂದಿಂದಲೇ ಹಾದು ಬಂದೆ. ಬೇರೆ ಯಾರಾದರೂ ಹೇಳ್ತಾರ ಅಂದುಕೊಂಡೆ. ಬೆಳಿಗ್ಗೆ ನೋಡಿದರೆ ಮನೆ ಸುಟ್ಟಿತ್ತು. ಒಳಗ ಯಾರೂ ಇರಲಿಲ್ಲ. ರಾತ್ರಿಯೇ ಓಡಿ ಹೋಗಿದ್ದರು. ಎಲ್ಲಿ ಹೋದರೋ ಇವತ್ತಿಗೂ ಗೊತ್ತಿಲ್ಲ. ಒಂದು ಬಾಗಿಲು ಬಡಿದೆ. ಇನ್ನೊಂದು ಬಡಿಯಲಿಲ್ಲ.”

ಅವನ ಕಣ್ಣಿಗೆ ಹೊಸ ಕನ್ನಡಕ ಬಂದಿತ್ತು. ಅದನ್ನು ತೆಗೆದು ಒರೆಸಿಕೊಂಡ. ನಾವು ದಿನವೂ ಗೋಲಿ ಆಡುತ್ತಿದ್ದ ಜಾಗ ಅದು. ಮರುದಿನ ಅಲ್ಲಿ ಆಡಲು ನನಗೆ ಮನಸ್ಸಾಗಲಿಲ್ಲ.

ಮಕ್ಕಳೇ, ದೊಡ್ಡವನಾದ ಮೇಲೆ ನಾನು ಇನ್ನಷ್ಟು ಓದಿದೆ. 1948ರ ನಂತರವೂ ತೆಲಂಗಾಣದ ರೈತರ ಹೋರಾಟ ನಿಲ್ಲಲಿಲ್ಲ. ನಿಜಾಮರ ಸೈನ್ಯವನ್ನು ಐದು ದಿನದಲ್ಲಿ ಸೋಲಿಸಿದ ದೊಡ್ಡ ಸೈನ್ಯಕ್ಕೂ ಅದನ್ನು ನಿಲ್ಲಿಸುವುದು ಸುಲಭವಾಗಲಿಲ್ಲ. ಹೋರಾಟಗಾರರು ಬಯಲು ಬಿಟ್ಟು ಕೃಷ್ಣಾ, ಗೋದಾವರಿ ತೀರದ ಕಾಡುಗಳಿಗೆ ಹೋದರು. ಮತ್ತೆ ಮೂರು ವರ್ಷ ಹೀಗೆ ನಡೆಯಿತು. ಎರಡೂ ಕಡೆ ಪ್ರಾಣಗಳು ಹೋದವು. 1951ರ ಅಕ್ಟೋಬರಿನಲ್ಲಿ ಹೋರಾಟ ನಿಂತಿತು. ಸೈನ್ಯದ ಒತ್ತಡ ಒಂದು ಕಾರಣ. ಆದರೆ ಅದೊಂದೇ ಅಲ್ಲ. 1949ರಲ್ಲಿ ಜಾಗೀರುಗಳು ರದ್ದಾದವು. 1950ರಲ್ಲಿ ಗೇಣಿದಾರರಿಗೆ ರಕ್ಷಣೆ ಕೊಡುವ ಕಾನೂನು ಬಂತು. 1951ರ ಏಪ್ರಿಲ್ 18ರಂದು ವಿನೋಬಾ ಭಾವೆಯವರು ಪೋಚಂಪಲ್ಲಿಗೆ ನಡೆದು ಬಂದರು. ಅಲ್ಲಿಯ ದಲಿತ ಕುಟುಂಬಗಳು ಉಳಲು 80 ಎಕರೆ ಭೂಮಿ ಕೇಳಿದವು. ವೆದಿರೆ ರಾಮಚಂದ್ರ ರೆಡ್ಡಿ ಎಂಬವರು ಎದ್ದು ನಿಂತು 100 ಎಕರೆ ಕೊಡುತ್ತೇನೆ ಎಂದರು. ಭೂದಾನ ಚಳವಳಿ ಹುಟ್ಟಿದ್ದು ಹೀಗೆ. ಎಲ್ಲರಿಗೂ ಭೂಮಿ ಸಿಗಲಿಲ್ಲ. ಆದರೆ ಜನ ಏಕೆ ಎದ್ದರು ಎಂದು ಕೇಳುವುದಕ್ಕೆ ಆರಂಭವಾಯಿತು.

ಹಾಗಾದರೆ ಪೊಲೀಸರು, ಕಾವಲು ಬೇಡವೇ? ಬೇಕು. ನಿರಪರಾಧಿಗಳನ್ನು ಕೊಲ್ಲಲು ಬರುವವರನ್ನು ತಡೆಯಲೇಬೇಕು. 2007ರ ಆಗಸ್ಟ್ 25ರಂದು ಹೈದರಾಬಾದಿನ ಲುಂಬಿನಿ ಪಾರ್ಕಿನಲ್ಲಿಯೂ, ಕೋಟಿಯ ಗೋಕುಲ್ ಚಾಟ್ ಅಂಗಡಿಯಲ್ಲಿಯೂ ಬಾಂಬುಗಳು ಸಿಡಿದು ನಲವತ್ತಕ್ಕೂ ಹೆಚ್ಚು ಜನ ಸತ್ತರು. ತಿಂಡಿ ತಿನ್ನಲು, ತಿರುಗಾಡಲು ಬಂದವರು ಅವರು. ಅವರ ತಪ್ಪು ಏನೂ ಇರಲಿಲ್ಲ. ಈಗ ಶಹರದ ತುಂಬ ಕ್ಯಾಮೆರಾಗಳಿವೆ. ಅವುಗಳನ್ನು ಒಂದೇ ಕಡೆ ಕುಳಿತು ನೋಡಲು 2022ರಲ್ಲಿ ಬಂಜಾರಾ ಹಿಲ್ಸ್‌ನಲ್ಲಿ ಪೊಲೀಸರ ದೊಡ್ಡ ಕೇಂದ್ರವೊಂದು ಆರಂಭವಾಗಿದೆ. ಅದು ಈ ಕಾಲದ ಅಗಸಿ ಎನ್ನಬಹುದು. ಕ್ಯಾಮೆರಾ ಮುಖವನ್ನು ನೋಡುತ್ತದೆ. ಆದರೆ ಪಕ್ಕದ ಮನೆಯವರು ಹೆದರಿದ್ದಾರೆಯೇ, ಯಾರಿಗೆ ಅನ್ಯಾಯವಾಗಿದೆ ಎಂಬುದನ್ನು ನೋಡುವ ಕೆಲಸ ನಮ್ಮದು.

ಕೆಲವು ತಿಂಗಳ ಹಿಂದೆ ನಾನು ಮತ್ತೆ ಕೋಟಿಗೆ ಹೋಗಿದ್ದೆ. ತುರ್ರೆಬಾಜ್ ಖಾನನ ಜನ ಬಿದ್ದಿದ್ದ ಆ ರೆಸಿಡೆನ್ಸಿಯಲ್ಲಿ ಬಹಳ ವರ್ಷಗಳಿಂದ ಹೆಣ್ಣುಮಕ್ಕಳ ಕಾಲೇಜು ನಡೆಯುತ್ತಿತ್ತು. ಈಗ ಅದು ವಿಶ್ವವಿದ್ಯಾಲಯವಾಗಿದೆ. 2024ರಲ್ಲಿ ಅದಕ್ಕೆ ಚಾಕಲಿ ಐಲಮ್ಮನ ಹೆಸರು ಇಟ್ಟಿದ್ದಾರೆ. ತನ್ನ ಬೆಳೆ ಬಿಡಲಾರೆ ಎಂದು ನಿಂತ ಆ ಅಗಸರ ಹೆಂಗಸಿನ ಹೆಸರು! ಒಂದು ಕಾಲದಲ್ಲಿ ಫಿರಂಗಿ ಇಟ್ಟು ಕಾದ ಬಾಗಿಲಿನಲ್ಲಿ ಹುಡುಗಿಯರು ಪುಸ್ತಕದ ಚೀಲ ಹಾಕಿಕೊಂಡು ಒಳಗೆ ಹೋಗುತ್ತಿದ್ದರು. ಅವರಲ್ಲಿ ಯಾರಾದರೂ ಕೊಡಂಗಲ್ಲಿನವರು ಇರಬಹುದೇ ಎಂದು ನಾನು ನೋಡುತ್ತ ನಿಂತೆ.

ಊರಿಗೆ ಬಂದಾಗಲೆಲ್ಲ ಅಗಸಿಗೆ ಹೋಗುತ್ತೇನೆ. ಬಾಗಿಲು ತಿರುಗುತ್ತಿದ್ದ ಆ ಕಲ್ಲಿನ ಕುಳಿ ಇನ್ನೂ ಇದೆ. ಮಳೆ ಬಂದರೆ ಅದರಲ್ಲಿ ನೀರು ನಿಲ್ಲುತ್ತದೆ, ಗುಬ್ಬಿಗಳು ಬಂದು ಕುಡಿಯುತ್ತವೆ. ಪಕ್ಕದ ಜಾಗ ಇನ್ನೂ ಖಾಲಿಯಾಗಿಯೇ ಇದೆ.

ನಿಮ್ಮ ಊರಿನಲ್ಲಿಯೂ ಹಳೆಯ ಅಗಸಿ, ಹುಡೇವು, ಗಡಿ ಇರಬಹುದು. ಹಿರಿಯರ ಹತ್ತಿರ ಕುಳಿತು ಕೇಳಿ. ರಾತ್ರಿ ಬಾಗಿಲು ಯಾರು ಮುಚ್ಚುತ್ತಿದ್ದರು, ಕಷ್ಟದ ದಿನ ಯಾರು ಯಾರ ಬಾಗಿಲು ಬಡಿದರು ಎಂದು ಕೇಳಿ. ಹಾಗೆಯೇ, ನಿಮ್ಮ ಓಣಿಯಲ್ಲಿ ನೀವು ಮಾತು ಬಿಟ್ಟ ಗೆಳೆಯನೋ ಗೆಳತಿಯೋ ಇದ್ದರೆ, ಈ ಪಾಠ ಮುಗಿದ ಮೇಲೆ ಅವರ ಮನೆಗೆ ಒಂದು ಸಲ ಹೋಗಿ ಬನ್ನಿ.